ಕೂಸು ಎಂಬ ಮಾತು

ಮೀಸೆ ಬಂದಿತ್ತು, ಆದರೆ ಒಪ್ಪವಾಗಿ ಬಂದಿರಲಿಲ್ಲ. ಎಡಗಡೆ ದಟ್ಟ, ಬಲಗಡೆ ಅಲ್ಲೊಂದು ಇಲ್ಲೊಂದು, ನಡುವೆ ಮೂಗಿನ ಕೆಳಗೆ ಏನೇನೂ ಇಲ್ಲ. ಹಿತ್ತಿಲ ಕಲ್ಲುಬಾನಿಯ ನೀರಿಗೆ ಬಗ್ಗಿದ ಆಂಡಿ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಂಡ. ಇದೇನು ಮೀಸೆಯೋ ಕುರಿ ಮೇಯ್ದು ಬಿಟ್ಟ ಹೊಲವೋ ಅನ್ನಿಸಿ ಮೈ ಉರಿಯಿತು. ಮದುವೆಯಾದಂದಿನಿಂದ ಬೋಳಿಸುತ್ತಲೇ ಬಂದ ತುಟಿ, ಈಗ ಇದ್ದಕ್ಕಿದ್ದ ಹಾಗೆ ಬೆಳೆ ಅಂದರೆ ಎಲ್ಲಿಂದ ಬೆಳೆಯಬೇಕು. ತಮಿಳು ಸೀಮೆಯ ಈ ಕಂಬಂ ಕಣಿವೆಯಲ್ಲಿ ಮೀಸೆಯಿಲ್ಲದೆ ನೇಗಿಲು ಹಿಡಿದವನು ಅವನೊಬ್ಬನೇ. ಸಂತೆಯಲ್ಲಿ ಎತ್ತಿನ ಹಲ್ಲು ನೋಡಲು ಕೈ ಹಾಕಿದರೆ ಸಾಕು, ಯಾರೋ ಒಬ್ಬ ಹಿಂದಿನಿಂದ, 'ರಾಣಿಯಮ್ಮ, ಜೋಕೆ, ಒದ್ದೀತು' ಅನ್ನುತ್ತಿದ್ದ; ಮಿಕ್ಕವರು ಕಿಸಿಯುತ್ತಿದ್ದರು. ಕಿಸಿಯುವ ಈ ಜನವೇ ವರ್ಷಕ್ಕೊಮ್ಮೆ ಆಟದಲ್ಲಿ ಬೆಳಗಿನ ಜಾವ ಅವನು ರಾಣಿಯಾಗಿ ಅಳುವುದನ್ನು ನೋಡಿ ಮೂಗು ಒರೆಸಿಕೊಳ್ಳುತ್ತಿದ್ದದ್ದು. ಇವತ್ತು ಅದು ಇಲ್ಲ. ಇವತ್ತು ಅವನು ರಾಜ. ಆಳಾಗಬಲ್ಲವನು ಅರಸಾಗಬಲ್ಲ ಅನ್ನುತ್ತಾರಲ್ಲ, ರಾಣಿಯಾದವನು ಆಗಲಾರನೇ? ಬಾನಿಯ ನೀರನ್ನು ಕೈಯಿಂದ ಕಲಕಿ ಅವನು ಎದ್ದು ನಿಂತ. ಅವನಿಗೆ ಬೇಕಾಗಿದ್ದದ್ದು ಊರಲ್ಲ. ಊರು ಹಾಳಾಗಿ ಹೋಗಲಿ. ಹೆಂಡತಿ ಓಚ್ಚಮ್ಮಾಳ್ ನೋಡಬೇಕು. ಎಷ್ಟೋ ವರ್ಷಗಳಿಂದ ಆಟದ ಕಡೆ ತಲೆ ಹಾಕದ ಅವಳು ಈ ಸಲ 'ಬತ್ತೀನಿ' ಅಂದಿದ್ದಳು. ಆ ಒಂದು ಮಾತನ್ನು ಅವನು ತಿಂಗಳಿಂದ ಬಾಯಲ್ಲಿ ಅಡಕೆಯ ಹಾಗೆ ಇಟ್ಟುಕೊಂಡು ಓಡಾಡಿದ್ದ.

ರಾಣಿಯ ವೇಷ ಅವನು ಬೇಡಿ ಪಡೆದದ್ದಲ್ಲ, ಹೆಣ್ಣಿನ ಜತೆಗೆ ಬಂದದ್ದು. ದೇವರ ದನ ಕಟ್ಟುವ ದೊಡ್ಡಿಯ ಮುಂದೆ ಮಾಸಿ ತಿಂಗಳಲ್ಲಿ ಆಟ ಆಡಿಸದಿದ್ದರೆ ದನಕ್ಕೆ ಕಾಲುಬೇನೆ ಬರುತ್ತದೆ, ಇದು ಕನ್ನಡ ಮಾತಾಡುವ ಆ ಕೇರಿಯ ನಂಬಿಕೆ. ರಾಜನ ಕಿರೀಟ ಕರುಪ್ಪಯ್ಯನ ಮನೆಯದು. ಆ ಮನೆಯಿಂದ ಹೆಣ್ಣು ತಂದವನು ರಾಣಿ ಕಟ್ಟಬೇಕು. ಈ ಇಬ್ಬರನ್ನು ಬಿಟ್ಟು ಬೇರೆ ಯಾರೂ ಆ ಸೀರೆ ಮುಟ್ಟುವ ಹಾಗಿಲ್ಲ. ಆಂಡಿ ಓಚ್ಚಮ್ಮಾಳನ್ನು ಕೈ ಹಿಡಿದ ವರ್ಷವೇ ಅವಳ ಅಣ್ಣ ಕರುಪ್ಪಯ್ಯ ಅವನ ಹೆಗಲ ಮೇಲೆ ಕೈಯಿಟ್ಟು, 'ವಾ ಮಾಪ್ಳೆ, ಇನ್ ಮ್ಯಾಲೆ ನೀ ನಂಗೆ ಪೆಂಡಾಟಿ' ಅಂದಿದ್ದ. ತಮಿಳಿನಲ್ಲಿ ಮಾಪ್ಳೆ ಅಂದರೆ ತಂಗಿಯ ಗಂಡ, ಪೆಂಡಾಟಿ ಅಂದರೆ ಹೆಂಡತಿ. ನೆರೆದವರೆಲ್ಲ ನಕ್ಕರು, ಅತ್ತೆ ಮೂಕಮ್ಮಾಳ್ ಕೂಡ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮದುಮಗನೂ ನಗಬೇಕಾಯಿತು. ಅಂದಿನಿಂದ ಪ್ರತಿ ವರ್ಷ ಹೆಂಡತಿಯ ಅಣ್ಣ ಅವನನ್ನು ಎಲ್ಲರೆದುರು ಒದೆಯುತ್ತಿದ್ದ, ಜುಟ್ಟು ಹಿಡಿದು ಎಳೆಯುತ್ತಿದ್ದ, ಬೆಳಗಾಗುವ ಹೊತ್ತಿಗೆ ಕತ್ತಿಯಿಂದ ಕೊಲ್ಲುತ್ತಿದ್ದ. ಕೊಂದು, ಕತ್ತಿ ಒರೆಸಿ, ತೆರೆಯ ಹಿಂದೆ ಹೋಗಿ ಗಂಜಿ ಕುಡಿದು ತೇಗುತ್ತಿದ್ದ.

ಈ ವರ್ಷ ದೇವರು ಕಣ್ಣು ಬಿಟ್ಟಿದ್ದ. ಏಲಕ್ಕಿ ತರಲು ಎತ್ತುಗಳ ಮೇಲೆ ಅಕ್ಕಿ ಹೇರಿಕೊಂಡು ಬೋಡಿಮೆಟ್ಟು ಘಟ್ಟ ಹತ್ತಿದ ಕರುಪ್ಪಯ್ಯ ಇಳಿಯುವಾಗ ಎತ್ತಿನ ಮೇಲೆ ತಾನೇ ಹೇರಾಗಿ ಬಂದಿದ್ದ. ಮಲೆಯ ಜ್ವರ. ಆಚೆ ಬೆಟ್ಟದಲ್ಲಿ ಹೊಳೆಗೆ ಅಣೆ ಕಟ್ಟುವ ಕೆಲಸಕ್ಕೆ ಹೋದವರು ಹೀಗೆಯೇ ಒಬ್ಬೊಬ್ಬರಾಗಿ ಬರುತ್ತಿದ್ದರು, ಕೆಲವರು ಬರುತ್ತಲೂ ಇರಲಿಲ್ಲ. ಇವನು ಉಳಿದುಕೊಂಡ, ಆದರೆ ಮರದ ಕಿರೀಟ ಹೊತ್ತು ಕುಣಿಯುವ ಮೈ ಅವನದಾಗಿ ಉಳಿಯಲಿಲ್ಲ. ಆಟ ಕಲಿಸುವ ವಾದ್ಯಾರ್ ದಿಂಡುಗಲ್ಲಿನ ಕಡೆಯ ತಮಿಳಿನವನು. ಅವನು ಇಬ್ಬರನ್ನೂ ಮೇಲೆ ಕೆಳಗೆ ನೋಡಿ, 'ರಾಜ ನೆಗೆಯಬೇಕು, ರಾಣಿ ನಿಂತು ಅತ್ತರೆ ಸಾಕು. ಅದಲುಬದಲು ಮಾಡಿಕೊಳ್ಳಿ' ಅಂದುಬಿಟ್ಟ. ಕರುಪ್ಪಯ್ಯನ ಮುಖ ಹೋದ ರೀತಿಯನ್ನು ಆಂಡಿ ಅಂದಿನಿಂದ ದಿನಕ್ಕೆ ಹತ್ತು ಸಲ ನೆನೆದು ನೆನೆದು ಸುಖಪಟ್ಟಿದ್ದ.

ಒಳಗೆ ಓಚ್ಚಮ್ಮಾಳ್ ತಟ್ಟೆಯಲ್ಲಿ ಸಜ್ಜೆಯ ಮುದ್ದೆ ಇಟ್ಟು ಮಜ್ಜಿಗೆ ಹೊಯ್ದಳು. ಎದುರಿಗೆ ಕೂರಲಿಲ್ಲ. ಒನಕೆಯನ್ನು ಗೋಡೆಗೆ ಒರಗಿಸುತ್ತ ಬೆನ್ನು ಹಾಕಿ ನಿಂತೇ ಮಾತಾಡಿದಳು.

"ಅಣ್ಣಂಗೆ ಇನ್ನೂ ಮೈ ಕಾಯ್ತಾ ಅದೆ."

"ಕಾಯ್ಲಿ. ರಾಣಿ ಏನ್ ನೆಗೀಬೇಕಾ?"

"ಒದಿಯೋದ ವಸಿ ಮೆಲ್ಲ ಒದೀರಿ, ಮಾಮಾ."

"ನಿಮ್ಮಣ್ಣ ನನ್ನ ಮೆಲ್ಲ ಒದ್ದಿದ್ನಾ?"

"ನಾ ಕಾಣೆ," ಅಂದಳು ಅವಳು. "ನಾ ಎಲ್ಲಿ ನೋಡ್ದೆ?"

ಅಷ್ಟೇ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಇವರದು ಜಗಳವೂ ಅಲ್ಲ, ಆದ್ದರಿಂದ ಮಲಗಿದರೂ ಮುಗಿಯುತ್ತಿರಲಿಲ್ಲ. ಅವಳು ಬೈದಿದ್ದರೆ ಅವನೂ ಬೈಯಬಹುದಿತ್ತು. ಹಾಳಾದವಳು, ಬೈಯಲಿಲ್ಲ. ಹೊಲಕ್ಕೆ ಬುತ್ತಿ ತಂದಳು, ಕಾಲಿಗೆ ಮುಳ್ಳು ಚುಚ್ಚಿದರೆ ಸೂಜಿಯಿಂದ ತೆಗೆದಳು, ಹಾಸಿಗೆ ಹಾಸಿದಳು, ಎಲ್ಲ ಮಾಡಿದಳು. ಒಂದು ಮಾತನ್ನು ಮಾತ್ರ ಬಿಟ್ಟುಬಿಟ್ಟಳು. ಪಕ್ಕದ ಮನೆಯ ಚೆಲ್ಲಮ್ಮಾಳ್ ಹಸುಗೂಸನ್ನು ತಂದು ಇವಳ ಮಡಿಲಿಗೆ ಹಾಕಿದರೂ 'ಪುಳ್ಳೆ' ಅಂತ ತಮಿಳಿನಲ್ಲಿ ಕರೆಯುತ್ತಿದ್ದಳು, 'ಮಗಾ' ಅನ್ನುತ್ತಿದ್ದಳು, ಹೆಸರು ಹಿಡಿಯುತ್ತಿದ್ದಳು. ಕೂಸು ಅನ್ನುತ್ತಿರಲಿಲ್ಲ. ಕೇರಿಯ ಎಲ್ಲ ಹೆಂಗಸರ ಬಾಯಲ್ಲೂ ದಿನವೆಲ್ಲ ಆಡುವ ಮಾತು ಅದು. ಅವಳು ಅದನ್ನು ಸುತ್ತು ಬಳಸಿ ನಡೆಯುವುದನ್ನು ಆಂಡಿ ವರ್ಷಗಟ್ಟಲೆ ಕೇಳಿಸಿಕೊಂಡಿದ್ದ.

ಎಷ್ಟೋ ವರ್ಷದ ಹಿಂದೆ ಅವರದೇ ಕೂಸು ಬಾಗಿಲ ಪಕ್ಕದ ಚಾಪೆಯ ಮೇಲೆ ಇತ್ತು. ಹೆಣ್ಣುಕೂಸು, ಇನ್ನೂ ಹೆಸರಿಟ್ಟಿರಲಿಲ್ಲ. ಜ್ವರ ಇಳಿಯಿತು ಅಂದುಕೊಂಡರು, ಇಳಿದದ್ದು ಜ್ವರವಲ್ಲ. ಮೂಕಮ್ಮಾಳ್ ಎದೆ ಬಡಿದುಕೊಂಡು ಹೊರಗೆ ಓಡಿದಳು, ಕೇರಿಗೆ ಕೇಳಲಿ ಅಂತ. ಓಚ್ಚಮ್ಮಾಳ್ ಎದೆ ಬಡಿದುಕೊಳ್ಳಲಿಲ್ಲ. ಅವಳು ಸೊಂಟದ ಬಟ್ಟೆಯನ್ನು ಮಡಿಸಿ ಕೂಸಿನ ತಲೆಯಡಿ ಇಟ್ಟಳು, ಅಂಗೈಯಿಂದ ನೆಲವನ್ನು ಮೆತ್ತಗೆ ತಟ್ಟಿದಳು, ಹಾಲಿಗೆ ಎಬ್ಬಿಸುವ ಹಾಗೆ. 'ಕೂಸು,' ಅಂದಳು. 'ಕೂಸು.' ಧ್ವನಿ ಏರಲಿಲ್ಲ. ಪ್ರತಿ ಸಲ ಕರೆದಾಗಲೂ ಒಂದು ಮೆಟ್ಟಿಲು ಕೆಳಗೆ ಇಳಿಯಿತು, ಅದರ ಜತೆಗೆ ಬಲದ ಭುಜವೂ ಇಳಿಯಿತು, ಕೊನೆಗೆ ಮಾತು ಕೇಳಿಸದೆ ತುಟಿ ಮಾತ್ರ ಆಡಿತು. ಹೊಸ್ತಿಲಲ್ಲಿ ನಿಂತಿದ್ದ ಆಂಡಿ ನೋಡಿದ. ಅಯ್ಯೋ ನನ್ನ ಮಗಳೇ ಅನ್ನುವುದಕ್ಕೆ ಮುಂಚೆ, ಕಣ್ಣಲ್ಲಿ ನೀರು ಬರುವುದಕ್ಕೆ ಮುಂಚೆ, ಅವನ ತಲೆಯೊಳಗೆ ಒಂದು ಯೋಚನೆ ಬಂದು ಕೂತಿತು: ರಾಣಿಯ ಅಳುವಿನಲ್ಲಿ ನಾನು ಇಷ್ಟು ದಿನ ಧ್ವನಿ ಏರಿಸುತ್ತಿದ್ದೆ, ತಪ್ಪು, ಇಳಿಸಬೇಕು. ಆಮೇಲೆ ಅತ್ತ. ಚೆನ್ನಾಗಿಯೇ ಅತ್ತ. ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದು ಅನ್ನುವ ಗಾದೆ ಮಾಡಿದವನು ಇಂಥ ಒಬ್ಬನನ್ನು ಕಂಡೇ ಮಾಡಿರಬೇಕು.

ತಟ್ಟೆಯಲ್ಲಿ ಕೈ ತೊಳೆದು ಅವನು ಎದ್ದ. "ಬತ್ತೀಯ ಅಲ್ವಾ?" ಅಂದ.

"ಬತ್ತೀನಿ ಅಂದ್ನಲ್ಲ," ಅಂದಳು ಓಚ್ಚಮ್ಮಾಳ್.

ದೊಡ್ಡಿಯ ಪಕ್ಕದ ಹುಣಿಸೆ ಮರದ ಕೆಳಗೆ ಕರುಪ್ಪಯ್ಯ ಕುಕ್ಕರುಗಾಲಲ್ಲಿ ಕೂತಿದ್ದ. ಎದುರಿಗೆ ಕ್ಷೌರದವನು ಕತ್ತಿ ಮಸೆಯುತ್ತಿದ್ದ. ಕೇರಿಯ ಕೆಲಸವಿಲ್ಲದವರೆಲ್ಲ ಬೇರೆ ಏನೋ ನೋಡುತ್ತಿರುವವರ ಹಾಗೆ ಸುತ್ತ ನಿಂತಿದ್ದರು. ಕರುಪ್ಪಯ್ಯನ ಮೀಸೆ ಕಣಿವೆಗೆಲ್ಲ ಗೊತ್ತಿದ್ದ ಮೀಸೆ. ಅದರ ಎರಡು ತುದಿಗೆ ಎರಡು ನಿಂಬೆಹಣ್ಣು ಕೂರಿಸಬಹುದು ಅಂತ ಮಾತಿತ್ತು. ಜ್ವರಕ್ಕೆ ಕೆನ್ನೆ ಒಳಗೆ ಹೋಗಿ, ಈಗ ಮುಖಕ್ಕಿಂತ ಮೀಸೆಯೇ ದೊಡ್ಡದಾಗಿ ಕಾಣುತ್ತಿತ್ತು.

"ಪಳನಿಗೆ ಹರಕೆ ಕಣ್ರೋ," ಅಂದ ಕರುಪ್ಪಯ್ಯ ಎಲ್ಲರಿಗೂ ಕೇಳುವ ಹಾಗೆ. "ಜರ ಬಿಟ್ರೆ ಮೀಸೆ ಕೊಡ್ತೀನಿ ಅಂತ ಮುರುಗನ್ಗೆ ಬೇಡ್ಕಂಡಿದ್ದೆ."

"ಜರ ಇನ್ನೂ ಬಿಟ್ಟಿಲ್ವಲ್ಲ ಮಚ್ಚ," ಅಂದ ಆಂಡಿ.

ಸುತ್ತ ನಿಂತವರು ನಕ್ಕರು. ಎಷ್ಟು ಸಲೀಸು! ಒಂದು ಮಾತು ಎಸೆದರೆ ಸಾಕು, ಜನ ನಗುವ ಕಡೆ ತಿರುಗುತ್ತದೆ, ಯಾರ ಮೇಲೆ ಅನ್ನುವುದು ಅದಕ್ಕೆ ಮುಖ್ಯವಲ್ಲ. ಇಷ್ಟು ವರ್ಷ ಇದೊಂದು ಉಪಾಯ ತನಗೆ ಹೊಳೆದಿರಲಿಲ್ಲವಲ್ಲ ಅಂತ ಆಂಡಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಕ್ಷೌರದವನು ನೀರು ಹಚ್ಚಿ ಎಡದ ತುದಿಯಿಂದ ಕತ್ತಿ ಹಾಕಿದ. ಕೂದಲು ಮಂಡಿಯ ಮೇಲೆ ಬಿತ್ತು. ಕರುಪ್ಪಯ್ಯ ಕಣ್ಣು ಮುಚ್ಚಿಕೊಂಡಿದ್ದ. ಬೋಳಾದ ಮೇಲುತುಟಿ ಎಳಸಾಗಿ, ಬೆಳ್ಳಗೆ, ಯಾರದೋ ಅನ್ನುವ ಹಾಗೆ ಇತ್ತು. ಅದು ಓಚ್ಚಮ್ಮಾಳ ತುಟಿ. ಅಣ್ಣತಂಗಿ ಇಷ್ಟು ಹೋಲುತ್ತಾರೆ ಅಂತ ಆಂಡಿಗೆ ಇವತ್ತಿನ ತನಕ ಗೊತ್ತಿರಲಿಲ್ಲ. ಅವನು ಮುಖ ತಿರುಗಿಸಿಕೊಂಡ. ಒಂದು ಗಳಿಗೆ ಇದೆಲ್ಲ ಬೇಡವಾಗಿತ್ತು ಅನ್ನಿಸಿತು, ಆದರೆ ಒಂದು ಗಳಿಗೆ ಮಾತ್ರ.

ಜನ ಚದುರಿದ ಮೇಲೆ ಕರುಪ್ಪಯ್ಯ ಅವನ ಕೈ ಹಿಡಿದು ಮರದ ಹಿಂದಕ್ಕೆ ಕರೆದ. ಕೈ ಸುಡುತ್ತಿತ್ತು.

"ಮಾಪ್ಳೆ, ಆ ಕಡೇಗಿನ ಅಳು ಅದ್ಯಲ್ಲ, ಅದ ಹೇಳ್ಕೊಡು. ಮಿಕ್ಕಿದ್ದ ವಾದ್ಯಾರ್ ಹಿಂದ್ಲಿಂದ ಪಾಡ್ತಾನೆ. ಅದೊಂದ್ ನಾನೇ ಅನ್ಬೇಕಂತೆ."

"ಇಷ್ಟ್ ವರ್ಸ ಎದ್ರಿಗೇ ನಿಂತಿದ್ಯಲ್ಲ ಮಚ್ಚ. ಕೇಳ್ಲಿಲ್ವಾ?"

"ನಾ ಎಲ್ಲಿ ಕೇಳ್ಲಿ?" ಕರುಪ್ಪಯ್ಯ ನಿಜವಾಗಿಯೂ ಆಶ್ಚರ್ಯದಿಂದ ಅಂದ. "ಕತ್ತಿ ಎತ್ಕಂಡ್ ನಿಂತೋನ್ಗೆ ಕೈ ನೋವು. ಇವ ಯಾವಾಗ್ ಮುಗಿಸ್ತಾನಪ್ಪ ಅಂತ ಕಾಯ್ತಾ ಇದ್ದೆ."

ಆಂಡಿ ಅವನ ಬೋಳು ತುಟಿಯನ್ನೇ ನೋಡುತ್ತ ನಿಂತ. ಕೈ ನೋವು! ಊರೂರು ಅತ್ತದ್ದು, ಮೇಲಿನ ಕೇರಿಯ ಮುದುಕಿಯರು ತನ್ನ ಕಾಲಿನ ಧೂಳನ್ನು ಕಣ್ಣಿಗೆ ಒತ್ತಿಕೊಂಡದ್ದು, ತನ್ನ ಮನೆಯ ಬಾಗಿಲು ಒಳಗಿಂದ ಮುಚ್ಚಿಹೋದದ್ದು, ಇದೆಲ್ಲ ನಡೆಯುವಾಗ ಒಂದು ಮಾರು ದೂರದಲ್ಲಿ ನಿಂತವನಿಗೆ ಕೈ ನೋಯುತ್ತಿತ್ತು. ಅವನಿಗೆ ತಾನು ರಾಣಿಯಾದ ಮೊದಲ ವರ್ಷ ನೆನಪಾಯಿತು. ಅಳುವುದು ಹೇಗೆ ಅಂತ ಇದೇ ಮರದ ಕೆಳಗೆ ಇದೇ ಕರುಪ್ಪಯ್ಯನನ್ನು ಕೇಳಿದ್ದ. ಅವತ್ತು ಸಿಕ್ಕಿದ ಉತ್ತರವನ್ನು ಅವನು ಒಂದಕ್ಷರ ಕಳೆಯದೆ ಹಿಂದಕ್ಕೆ ಕೊಟ್ಟ.

"ಒದೆ ಬಿದ್ರೆ ತಾನಾಗೇ ಬತ್ತದೆ."

ಹೇಳಿಕೊಡದೆ ಇದ್ದದ್ದು ಒಳ್ಳೆಯದಕ್ಕೇ ಅಂತ ದಾರಿಯುದ್ದಕ್ಕೂ ಅವನು ತನಗೆ ತಾನೇ ಹೇಳಿಕೊಂಡ. ಆ ಮಾತು ಓಚ್ಚಮ್ಮಾಳದು. ತಾನು ತೆಗೆದುಕೊಂಡದ್ದೇ ಸಾಕು, ಇನ್ನೊಬ್ಬನ ಕೈಗೆ ದಾಟಿಸಬಾರದು. ಇವತ್ತಿಗೆ ಅದು ಆಟದಿಂದ ಹೋಗಲಿ, ಮನೆಗೆ ತಿರುಗಿ ಬರಲಿ, ಅವಳು ನೋಡಲಿ, ನನ್ನ ಗಂಡ ನನ್ನದನ್ನು ಹಿಂದಕ್ಕೆ ಇಟ್ಟ ಅಂದುಕೊಳ್ಳಲಿ. ಎಷ್ಟು ಚೆಂದದ ಯೋಚನೆ! ಆದರೆ ಅದರ ಅಡಿಯಲ್ಲಿ, ಗಾಣದ ಅಡಿಯಲ್ಲಿ ಹಿಂಡಿ ಕೂತ ಹಾಗೆ, ಇನ್ನೊಂದು ಕೂತಿತ್ತು. ಕರುಪ್ಪಯ್ಯ ಎಲ್ಲರೆದುರು ಬಾಯಿ ಬಾರದೆ ನಿಲ್ಲಬೇಕು. ಎರಡರಲ್ಲಿ ಯಾವುದು ನಿಜ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ವಾದ್ಯಾರ್ ತಟ್ಟಿಯ ಮರೆಯಲ್ಲಿ ಅರದಾಳ ಅರೆಯುತ್ತ ಅವನಿಗಾಗಿ ಕಾಯುತ್ತಿದ್ದ. ಹಳದಿಯನ್ನು ಅವನ ಕೆನ್ನೆಗೆ ಮೆತ್ತುತ್ತ, ಯಾವಾಗಲೂ ಹೇಳುವುದನ್ನೇ ಇನ್ನೊಮ್ಮೆ ಹೇಳಿದ. ಆಟದ ಕಥೆ ಹಳೆಯದು. ರಾಜ ಯುದ್ಧಕ್ಕೆ ಹೋದಾಗ ಶತ್ರುವಿನ ಬೇಹಿನವರು ಬರುತ್ತಾರೆ. ಊರಲ್ಲಿ ಗಂಡಸಿಲ್ಲ ಅಂತ ತಿಳಿಯಬಾರದೆಂದು ರಾಣಿ ರಾಜನ ರುಮಾಲು ಸುತ್ತಿ ಉಪ್ಪರಿಗೆಯಲ್ಲಿ ಓಡಾಡುತ್ತಾಳೆ. ರಾಜ ಹಿಂತಿರುಗಿದವನು ಹೆಂಡತಿಯ ಕೋಣೆಯಲ್ಲಿ ರುಮಾಲಿನ ನೆರಳು ಕಂಡು ಕತ್ತಿ ಹಿರಿಯುತ್ತಾನೆ. ಅವಳು ರುಮಾಲು ತೆಗೆದು ತೋರಿಸಿದರೂ ಹಿರಿದ ಕತ್ತಿ ಒರೆಗೆ ಹೋಗುವುದಿಲ್ಲ; ಹಿರಿದದ್ದನ್ನು ಹಾಗೇ ಇಟ್ಟರೆ ರಾಜನೆಂದು ಯಾರು ಅನ್ನುತ್ತಾರೆ? ತೊಟ್ಟಿಲ ಕಡೆ ತಿರುಗಿ ರಾಣಿ ಅಳುತ್ತಾಳೆ, ರಾಜ ಕಡಿಯುತ್ತಾನೆ. ತೊಟ್ಟಿಲ ಮುಂದೆ ಅನ್ನಬೇಕಾಗಿದ್ದ ತಮಿಳು ಮಾತು ಬೇರೆ ಏನೋ ಇತ್ತು. ಮಗಳು ಹೋದ ಆ ವರ್ಷ ಆಂಡಿಯ ಬಾಯಿಂದ ಬಂದದ್ದು ಮನೆಯ ಮಾತು. ಕೂಸು. ಕೂಸು. ಬಲದ ಭುಜ ಇಳಿಯಿತು, ಧ್ವನಿ ಇಳಿಯಿತು. ನೆರೆಯ ಊರುಗಳಿಂದ ಬಂದ ತಮಿಳು ಜನಕ್ಕೆ ಕೂಸು ಅಂದರೆ ಮಗು ಅಂತ ಏನು ಗೊತ್ತು? ಅವರ ಮಾತಿನಲ್ಲಿ ಕೂಸು ಅಂದರೆ ನಾಚು, ಹೇಸಿ ಮುದುಡು ಅಂತ. ಸಾಯುವ ರಾಣಿ ಕೊಲ್ಲುವ ರಾಜನಿಗೆ, ನಾಚಿಕೆಪಡು, ನಾಚಿಕೆಪಡು ಅನ್ನುತ್ತಿದ್ದಾಳೆ, ಅದೂ ಕಿರುಚದೆ, ಮೆಲ್ಲಗೆ! ಮೈದಾನ ಉಸಿರು ಬಿಡಲಿಲ್ಲ. ವಾದ್ಯಾರ್ ಮಹಾ ಸಂತೋಷಪಟ್ಟು ಅಲ್ಲಿಯೇ ಹಿಮ್ಮೇಳಕ್ಕೆ, 'ಕೈ ಕೂಸಲಿಯಾ ಮನ್ನಾ' ಅಂತ ಕಟ್ಟಿ ಹಾಡಿದ, ನಿನ್ನ ಕೈಗೆ ನಾಚಿಕೆಯಿಲ್ಲವೇ ದೊರೆ ಅಂತ. ತಪ್ಪು ತಿಳಿದಿದ್ದೀರಿ ವಾದ್ಯಾರೇ ಅಂತ ಆಂಡಿ ಅವತ್ತೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ. ಹೇಳಿದ್ದರೆ ಎಲ್ಲಿ ಸಿಕ್ಕಿತು ಅಂತ ಕೇಳುತ್ತಿದ್ದ.

ತಪ್ಪು ತಿಳಿಯದವಳು, ಆ ಅಳು ಯಾರದೆಂದು ಬಲ್ಲವಳು, ಅಲ್ಲಿ ಒಬ್ಬಳಿದ್ದಳು. ಹೆಂಗಸರ ಸಾಲಿನಿಂದ ಅವಳು ಎದ್ದು ಹೋದದ್ದನ್ನು, ನೆಲದ ಮೇಲೆ ಒರಗಿದ್ದ ರಾಣಿ ಕಣ್ಣಂಚಿನಲ್ಲಿ ಕಂಡಿದ್ದಳು. ತನ್ನ ಭುಜ ಗಂಡನ ಮೈಮೇಲೆ, ತನ್ನ ಅಂಗೈ ಗಂಡನ ಕೈಯಲ್ಲಿ ನೆಲ ತಟ್ಟುತ್ತಿರುವುದನ್ನು ನೋಡಿ ಅವಳು ಎದ್ದು ಹೋಗಿದ್ದಳು. ಅವನು ಮನೆಗೆ ಹೋದಾಗ ನೀರು ಕಾಯಿಸಿಟ್ಟಿದ್ದಳು, ಬಣ್ಣ ತೊಳೆಯಲಿ ಅಂತ.

"ಕರುಪ್ಪಯ್ಯನಿಗೆ ಹೇಳಿಕೊಟ್ಟೆಯಲ್ಲ?" ಅಂತ ವಾದ್ಯಾರ್ ತಮಿಳಿನಲ್ಲಿ ಕೇಳಿದ. "ಜನ ಬರುವುದು ಅದಕ್ಕೇ. ಮಿಕ್ಕದ್ದೆಲ್ಲ ಊಟಕ್ಕೆ ಮುಂಚಿನ ಉಪ್ಪಿನಕಾಯಿ."

ಆಂಡಿ ತಲೆಯಾಡಿಸಿದ. ಹೌದು ಅಂತಲೋ ಇಲ್ಲ ಅಂತಲೋ ತಿಳಿಯುವ ಹಾಗೆ ಆಡಿಸಲಿಲ್ಲ.

ಸೀರೆ ತೆಗೆದುಕೊಂಡು ಓಚ್ಚಮ್ಮಾಳ್ ಬಂದಳು. ರಾಣಿಯ ಸೀರೆಯೆಂದರೆ ಅವಳ ಮದುವೆಯ ಸೀರೆಯೇ. ಅಂಚಿನಲ್ಲಿ ವರ್ಷವರ್ಷದ ಅರದಾಳದ ಕಲೆ. ಇಷ್ಟು ವರ್ಷ ಆಂಡಿ ತಾನೇ ಉಟ್ಟುಕೊಳ್ಳುತ್ತಿದ್ದ, ಅವಳಿಗಿಂತ ಒಪ್ಪವಾಗಿ ನಿರಿಗೆ ಹಿಡಿಯುತ್ತಿದ್ದ. ಕರುಪ್ಪಯ್ಯನಿಗೆ ಅದು ಬಾರದು. ತಂಗಿ ಅಣ್ಣನನ್ನು ಗೊಂಬೆಯ ಹಾಗೆ ತಿರುಗಿಸಿ ತಿರುಗಿಸಿ ಉಡಿಸಿದಳು, ಸೆರಗನ್ನು ಹೊದಿಸಿ, ಹಣೆ ಮುಟ್ಟಿ ನೋಡಿದಳು. ಅವನು ಹಲ್ಲು ಕಚ್ಚಿ ನೆಲ ನೋಡುತ್ತ ನಿಂತಿದ್ದ. ಆಮೇಲೆ ಅವಳು ಆಂಡಿಯ ಕಡೆ ತಿರುಗಿದಳು. ಕಿರೀಟ, ಭುಜಕೀರ್ತಿ, ಸೊಂಟದಲ್ಲಿ ಕತ್ತಿ, ಬಂದಷ್ಟು ಮೀಸೆಗೆ ಮಸಿ ತೀಡಿ ವಾದ್ಯಾರ್ ದಪ್ಪ ಮಾಡಿದ್ದ. ಏನಾದರೂ ಅನ್ನಲಿ ಅಂತ ಆಂಡಿ ಎದೆ ಮುಂದೆ ಮಾಡಿ ನಿಂತ. ನಾಚಿಕೆಗೆಟ್ಟ ಆಸೆ, ಮದುವೆಯ ದಿನ ಕೂಡ ಅವನು ಅವಳೆದುರು ಹಾಗೆ ನಿಂತಿರಲಿಲ್ಲ.

"ಅಣ್ಣಂಗೆ ಅಳಕ್ಕೆ ಹೇಳ್ಕೊಟ್ರಾ?" ಅಂದಳು ಅವಳು.

"ಅವನೇ ಅಳ್ತಾನೆ. ನಂಗ್ಯಾರ್ ಹೇಳ್ಕೊಟ್ರು?"

ಓಚ್ಚಮ್ಮಾಳ್ ಅವನ ಮುಖದಲ್ಲಿ ಏನನ್ನೋ ಹುಡುಕಿದಳು. ಬಣ್ಣ ಅಷ್ಟು ದಪ್ಪವಿದ್ದದ್ದು ಅವನ ಪುಣ್ಯ.

"ಹೂಂ," ಅಂದಳು. "ನಿಮ್ಗೆ ಯಾರೂ ಹೇಳ್ಕೊಡ್ಲಿಲ್ಲ."

ತಟ್ಟಿಯನ್ನು ಸರಿಸಿಕೊಂಡು ಅವಳು ಹೊರಟುಹೋದಳು. ಆ ಮಾತು ಕ್ಷಮಿಸಿದ್ದೋ ಇರಿದದ್ದೋ ಅಂತ ಅವನು ರಾತ್ರಿಯೆಲ್ಲ ಕುಣಿಯುತ್ತಲೇ ಯೋಚಿಸಿದ. ಮರದ ಕಿರೀಟ ಹಣೆಯನ್ನು ಕೊರೆಯುತ್ತಿತ್ತು. ನೆಗೆದಾಗಲೆಲ್ಲ ಭುಜಕೀರ್ತಿ ಕಿವಿಗೆ ಹೊಡೆಯುತ್ತಿತ್ತು. ರಾಜನಾಗುವುದೆಂದರೆ ಇಷ್ಟೇನಾ, ಭಾರ ಹೊತ್ತು ಕಿರುಚುವುದು? ಅವನು ಚೆನ್ನಾಗಿಯೇ ಕಿರುಚಿದ, ತಪ್ಪದೆ ಹೆಜ್ಜೆ ಹಾಕಿದ. ಜನ ಮಾತ್ರ ಬಿಸಿಯಾಗಲಿಲ್ಲ. ಎಲೆಯಡಿಕೆ ಹಾಕಿಕೊಂಡರು, ಮಕ್ಕಳನ್ನು ಮಲಗಿಸಿದರು, ರಾಜ ಬಂದಾಗ ರಾಜ ಬಂದ ಅಂದುಕೊಂಡರು, ಹೋದಾಗ ಹೋದ ಅಂದುಕೊಂಡರು. ಅವನನ್ನು ನೋಡಿ ಯಾರೂ ಮುಂದಕ್ಕೆ ಬಾಗಲಿಲ್ಲ. ಹೆಂಗಸರ ಸಾಲಿನಲ್ಲಿ ಮೂಕಮ್ಮಾಳ ಪಕ್ಕ ಓಚ್ಚಮ್ಮಾಳ್ ಮಂಡಿ ಕಟ್ಟಿ ಕೂತಿದ್ದಳು, ಪಂಜಿನ ಬೆಳಕು ಬಂದಾಗ ಕಾಣುತ್ತಿದ್ದಳು.

ಪಡುವಣ ಬೆಟ್ಟದ ನೆತ್ತಿ ಬೂದುಬಣ್ಣಕ್ಕೆ ತಿರುಗಿದಾಗ ಕೋಣೆಯ ತೆರೆ ಸರಿಯಿತು. ಸೀರೆಯುಟ್ಟ ಕರುಪ್ಪಯ್ಯ ತಲೆಗೆ ರುಮಾಲು ಸುತ್ತಿ ನಿಂತಿದ್ದ. ರುಮಾಲಿನ ಕೆಳಗೆ ಅದೇ ಹಳೆಯ ಮುಖ, ಇವನನ್ನು ವರ್ಷವರ್ಷ ಒದ್ದ ಮುಖ. ಆಂಡಿ ಒದ್ದ. ಆಟದ ಒದೆಯಲ್ಲಿ ಪಾದ ಮುಟ್ಟುವ ಮುಂಚೆ ನಿಲ್ಲಬೇಕು. ಇವನ ಪಾದ ನಿಲ್ಲಲಿಲ್ಲ. ಪಕ್ಕೆಗೆ ಬಿದ್ದ ಒದೆಗೆ ಕರುಪ್ಪಯ್ಯ ಬುಡ ಕಡಿದ ಬಾಳೆಯ ಹಾಗೆ ಉರುಳಿದ, ಬಿದ್ದಲ್ಲಿಂದ ತಲೆಯೆತ್ತಿ ನೋಡಿದ. ಸಿಟ್ಟಿನಿಂದ ಅಲ್ಲ. ಒದೆ ಅಂದರೆ ಹೀಗಿರುತ್ತದೆಯೇ ಅಂತ ಮೊದಲ ಸಲ ತಿಳಿದವನ ಹಾಗೆ ನೋಡಿದ. ಮುದುಕಿ ಮೂಕಮ್ಮಾಳ್ ಅಯ್ಯೋ ಅಂದಳು. ಆಂಡಿಗೆ ತಾನು ಇಷ್ಟು ವರ್ಷ ಕಾದದ್ದು ಈ ಗಳಿಗೆಗೆ ಅಂತ ಗೊತ್ತಿತ್ತು. ಗಳಿಗೆ ಬಂದು, ಕೈಯಲ್ಲಿ ಹಿಡಿಯುವಷ್ಟರಲ್ಲಿ ಹೋಯಿತು. ಕಾಲು ನೋಯಿತು, ಅಷ್ಟೇ.

ಅವನು ಕತ್ತಿ ಎತ್ತಿದ. ಮದ್ದಳೆ ನಿಂತಿತು. ಕರುಪ್ಪಯ್ಯ ರುಮಾಲು ಕಿತ್ತು ತೊಟ್ಟಿಲ ಕಡೆ ತೆವಳಿದ, ಕೈಯನ್ನು ಅದರ ಅಂಚಿಗೆ ಇಟ್ಟ. ಬಾಯಿ ತೆರೆದ. ಬಾಯಿ ತೆರೆದೇ ಇತ್ತು. ಜ್ವರಕ್ಕೆ ಹಲ್ಲು ಕಟಕಟ ಅನ್ನುವುದು ಆಂಡಿಗೆ ಕೇಳಿಸಿತು, ಬೇರೆ ಏನೂ ಕೇಳಿಸಲಿಲ್ಲ.

"ಹೇಳ್ಕೊಡೋ," ಅಂತ ಕರುಪ್ಪಯ್ಯ ತುಟಿ ಅಲ್ಲಾಡಿಸದೆ ಅಂದ. "ಮಾಪ್ಳೆ, ನಿನ್ ಕಾಲಿಗ್ ಬೀಳ್ತೀನಿ."

ಎತ್ತಿದ ಕೈ ನೋಯತೊಡಗಿತು. ಹೌದು, ನೋಯುತ್ತದೆ, ಕರುಪ್ಪಯ್ಯ ಸು‌ಳ್ಳು ಹೇಳಿರಲಿಲ್ಲ. ಹಿಂದಿನ ಸಾಲಿನಿಂದ ಯಾವನೋ ತಮಿಳಿನವನು, 'ಕೂಸು!' ಅಂತ ಕೂಗಿದ. ಇನ್ನೊಬ್ಬ ಕೂಗಿದ. ರಾಣಿಗೆ ಮರೆತುಹೋಗಿದೆ, ನಾವೇ ಎತ್ತಿಕೊಡೋಣ ಅನ್ನುವ ಹುರುಪಿನಲ್ಲಿ ಎಲ್ಲರೂ ಕೂಗತೊಡಗಿದರು. ಕೂಸು! ಕೂಸು! ರಾತ್ರಿಯೆಲ್ಲ ತಣ್ಣಗೆ ಕೂತಿದ್ದ ಮೈದಾನ ಈಗ ಮುಂದಕ್ಕೆ ಬಾಗಿತ್ತು, ಇವನ ಮಾತಿಗಾಗಿ, ಇವನು ತಂದ ಮಾತಿಗಾಗಿ ಬಾಯಿ ಬಿಟ್ಟು ಕೂತಿತ್ತು. ಆಂಡಿಯ ಎದೆಯಲ್ಲಿ ಏನೋ ಕರಗಿ ಹರಿಯಿತು. ಇವರಿಗೆ ಬೇಕಾಗಿರುವುದು ರಾಜನಲ್ಲ, ನಾನು. ಒಂದೇ ಸಲ. ಕರುಪ್ಪಯ್ಯನ ಪರವಾಗಿ ಅಂದುಬಿಟ್ಟರಾಯಿತು, ಆಟ ಉಳಿಯುತ್ತದೆ, ದೇವರ ದನ ಉಳಿಯುತ್ತದೆ. ಇದಕ್ಕೆ ಹೆಂಡತಿಯೂ ಏನೂ ಅನ್ನಲಾರಳು. ಹೀಗೆ ಕಾರಣಗಳನ್ನು ಅವನು ಇನ್ನೂ ಕೂಡಿಸುತ್ತಿದ್ದ ಹಾಗೆ, ಭುಜಕೀರ್ತಿಯ ಅಡಿಯಲ್ಲಿ ಬಲದ ಭುಜ ತಾನಾಗಿ ಇಳಿಯಿತು. ಕತ್ತಿ ಹಿಡಿದ ಕೈ ಕೆಳಗೆ ಬಂದು, ಇನ್ನೊಂದು ಕೈಯ ಅಂಗೈ ನೆಲವನ್ನು ಹುಡುಕಿತು. ಮಸಿಮೀಸೆಯ ಕೆಳಗೆ ತುಟಿ ಆ ಮಾತಿಗಾಗಿ ಮುಂದಕ್ಕೆ ಬಂತು.

ಹೆಂಗಸರ ಸಾಲಿನಲ್ಲಿ ಓಚ್ಚಮ್ಮಾಳ್ ಎದ್ದು ನಿಂತಳು.

ಆ ವರ್ಷದ ಹಾಗೆ ಎದ್ದು ಹೋಗುತ್ತಾಳೆ ಅಂದುಕೊಂಡ ಅವನು. ಹೋಗಲಿಲ್ಲ. ನಿಂತಲ್ಲಿ ನಿಂತು ಅವನನ್ನೇ ನೋಡಿದಳು, ಅಣ್ಣನನ್ನಲ್ಲ, ತೊಟ್ಟಿಲನ್ನಲ್ಲ. ಬೆಳಗು ಅವಳ ಮುಖವನ್ನು ತೋರಿಸುವಷ್ಟು ಆಗಿತ್ತು. ಕೂಗುತ್ತಿದ್ದವರು ಅವಳನ್ನು ಕಂಡು ಒಬ್ಬೊಬ್ಬರಾಗಿ ಸುಮ್ಮನಾದರು. ಅವಳು ಬಾಯಿ ತೆರೆದಳು, ಅಷ್ಟು ವರ್ಷ ಸುತ್ತು ಬಳಸಿ ನಡೆದ ಮಾತನ್ನು ಎಲ್ಲರ ಮುಂದೆ ಎತ್ತಿಕೊಂಡಳು.

"ಕೂಸು," ಅಂದಳು.

ಆಂಡಿಯ ಕಣ್ಣು ತುಂಬಿತು. ಕೊನೆಗೂ ಕರೆದಳು, ಮಗಳನ್ನು ಕರೆದಳು ಅಂತ ಅವನು ಆ ಧ್ವನಿ ಒಂದು ಮೆಟ್ಟಿಲು ಇಳಿಯುವುದನ್ನು ಕಾದ. ಭುಜ ಇಳಿಯುವುದನ್ನು ಕಾದ.

"ಕೂಸು," ಅಂದಳು ಅವಳು ಇನ್ನೊಮ್ಮೆ. ಭುಜ ನೆಟ್ಟಗಿತ್ತು. ಧ್ವನಿ ಇಳಿಯಲಿಲ್ಲ, ಏರಿತು. ಕನ್ನಡ ಬಿಟ್ಟು ಬೇರೆ ಮಾತನ್ನು ಮನೆಯಲ್ಲಿ ಗಂಡನೊಡನೆ ಎಂದೂ ಆಡದಿದ್ದ ಓಚ್ಚಮ್ಮಾಳ್ ಅದನ್ನು ತಮಿಳಿನಲ್ಲಿ ಹೇಳುತ್ತಿದ್ದಳು.